ಹೊಟ್ಟೆಯ ಸುದ್ದಿ ತಲೆಗೆ ಮುಟ್ಟುವ ಹೊತ್ತು

ತೂಕ ಇಳಿಸುವ ಇಂಜೆಕ್ಷನ್ ನಾನೂ ಹಾಕಿಸಿಕೊಳ್ಳಲೇ, ಬೇಡವೇ? ಅಥಣಿಯ ದವಾಖಾನೆಯಲ್ಲಿ ಹೀಗೆ ಯೋಚಿಸುತ್ತ ಕುಳಿತಿದ್ದಾಗ, ಪಕ್ಕದಲ್ಲಿ ಅಂಗಡಿಯ ತವನಪ್ಪನವರೂ ಅವರ ಹೆಂಡತಿ ಸೋನಾಬಾಯಿಯೂ ಮಾತಾಡುತ್ತಿದ್ದರು.

“ಹೊಟ್ಟಿ ತುಂಬೇತಿ ಅಂತ ಕರುಳು ತಲಿಗಿ ಸುದ್ದಿ ಕಳಸತೈತಂತ. ಮುಟ್ಟಾಕ ಇಪ್ಪತ್ತು ಮಿನಿಟ್ ಬೇಕಂತ.”

“ನೀವು ಹೊತ್ತು ಮುಳುಗೂದ್ರಾಗ ಉಣ್ಣಬೇಕಂತ ಗಡಿಬಿಡಿಲೆ ಎಂಟು ರೊಟ್ಟಿ ಮುಗಸ್ತೀರಿ. ಸುದ್ದಿ ಬರೂದ್ರಾಗ ಕೈ ತೊಳದಿರ್ತೀರಿ.”

“ಜೈನ್ರು ನಾವು, ರಾತ್ರಿ ಉಣ್ಣಾಕ ಬರತೈತೇನ?”

“ಅಂಗಡಿ ಲಗೂನ ಮುಚ್ಚಬ್ಯಾಡ ಅಂತ ಯಾವ ಶಾಸ್ತ್ರದಾಗ ಐತ್ರಿ?”

“ಅದಕ್ಕ ಆ ಸೂಜಿ ಮಾಡಿಸ್ಕೋತೀನಿ. ಸುದ್ದಿ ಮೊದಲ ಮುಟ್ಟತೈತಿ, ಹಸಿವ ಆಗೂದಿಲ್ಲ.”

“ಹಸಿವ ಇಲ್ಲಂದ್ರ ನನ್ನ ರೊಟ್ಟಿ ಯಾರು ತಿಂತಾರ್ರಿ?”

ತವನಪ್ಪನವರು ನಕ್ಕರು. ನರ್ಸ್ ಕರೆದಳು, ಇಬ್ಬರೂ ಒಳಗೆ ಹೋದರು. ರೊಟ್ಟಿಯ ಪ್ರಶ್ನೆ ಹೊರಗೆ, ನನ್ನ ಹತ್ತಿರ ಉಳಿಯಿತು.