ಬೂಟು ಬಿಚ್ಚಿಸಿ ನೋಡಿದವರು

ಸಭೆಗೆ ಬಂದಿರುವ ಹಿರಿಯರಿಗೆ, ಆಸ್ಪತ್ರೆಯ ನನ್ನ ಸಹೋದ್ಯೋಗಿಗಳಿಗೆ, ಹಳ್ಳಿಗಳಿಂದ ಬಂದ ತಾಯಂದಿರಿಗೆ ನಮಸ್ಕಾರ. ಜೊಲ್ದೋಶ್ ಅಣ್ಣ — ನೀವು ಮುಂದಿನ ಸಾಲಿನಲ್ಲೇ ಕೂತಿದ್ದೀರಿ, ನಿಮ್ಮ ಮುಖ ನೋಡಿಕೊಂಡು ಮಾತಾಡುವುದು ಕಷ್ಟ. ನಿಮ್ಮ ಹೆಂಡತಿ ಡಾಕ್ಟರ್ ಕಾನಿಮೆತ್ ಜೊತೆ ಮಕ್ಕಳ ವಾರ್ಡಿನಲ್ಲಿ ನಾನೂ ಡಾಕ್ಟರಾಗಿ ಬಹಳ ವರ್ಷ ದುಡಿದೆ. ಅವರು ತೀರಿಕೊಂಡರೆಂದೇ ಇವತ್ತು ಇಲ್ಲಿ ಸೇರಿದ್ದೇವೆ.

ನಮ್ಮ ಮುಖ್ಯ ವೈದ್ಯರಾದ ಶರ್ಶೆನ್ ಅವರು ಈಗ ತಾನೇ, ಕಾನಿಮೆತ್ "ಈ ಆಸ್ಪತ್ರೆಯ ಕಣ್ಣಾಗಿದ್ದರು" ಎಂದರು. ಚೆನ್ನಾಗಿ ಹೇಳಿದರು. ಆ ಕಣ್ಣನ್ನು ಮಕ್ಕಳ ವಾರ್ಡಿನಿಂದ ಎತ್ತಿ ರಜೆ ಚೀಟಿ ಬರೆಯುವ ಕೋಣೆಗೆ ಹಾಕಿದ್ದು ಯಾರು ಎಂಬುದನ್ನು ಮಾತ್ರ ಮರೆತರು. ಅದನ್ನು ನೆನಪಿಸಲೆಂದೇ ಎದ್ದಿದ್ದೇನೆ.

ಬೆಟ್ಟದ ಹುಲ್ಲುಗಾವಲಿನಿಂದ ಇಳಿದುಬರುವ ನಮ್ಮ ಮಕ್ಕಳ ಮುಖ ನಿಮಗೆ ಗೊತ್ತು. ಗಾಳಿಗೆ ಕೆನ್ನೆ ಕೆಂಪು, ತುಟಿ ಒಡೆದಿರುತ್ತದೆ. ಸಗಣಿ ಬೆಂಕಿಯ ಹೊಗೆಗೆ ಕಣ್ಣೂ ಕೆಂಪು. ಅದನ್ನು ನಾವು ಆರೋಗ್ಯ ಅನ್ನುತ್ತೇವೆ. ಆ ಬೇಸಿಗೆ ಕೊರೊನಾ ಡೇರೆಯಿಂದ ಡೇರೆಗೆ ಹೋಯಿತು. ಮಕ್ಕಳು ಮೂಗು ಸುರಿಸಿಕೊಂಡೇ ಕುದುರೆ ಹತ್ತಿದರು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೆಲವು ವಾರ ಕಳೆದವು. ಬುರುಲ್ ಎಂಬ ಪುಟ್ಟ ಹುಡುಗಿಯನ್ನು ಅವಳ ಅಜ್ಜಿ ಕರೆತಂದರು. ಕೆಮ್ಮಿಲ್ಲ, ನೆಗಡಿಯಿಲ್ಲ — ಬಿಡದ ಜ್ವರ, ಹೊಟ್ಟೆನೋವು.

ಶರ್ಶೆನ್ ಅವರು ಬಾಗಿಲಲ್ಲೇ ನಿಂತು ನೋಡಿದರು. "ಕುದುರೆ ಹಾಲು ಹುಳಿ ಬಂದಿದ್ದು ಜಾಸ್ತಿ ಕುಡಿದಿದ್ದಾಳೆ ಅಷ್ಟೇ. ತುಟಿಗೆ ಕುರಿಕೊಬ್ಬು ಹಚ್ಚಿ, ಮನೆಗೆ ಕರ್ಕೊಂಡ್ಹೋಗಿ."

ಕಾನಿಮೆತ್ ಹೀಗೆ — ನೆಲಕ್ಕೆ ಮಂಡಿಯೂರಿ — ಮಗುವಿನ ಬೂಟು ಬಿಚ್ಚತೊಡಗಿದರು. ಅಜ್ಜಿಗೆ ನಾಚಿಕೆಯಾಯಿತು.

"ಬೇಡ ಡಾಕ್ಟ್ರಮ್ಮ, ಕಾಲು ತೊಳ್ಸಿಲ್ಲ, ನಾತ ಹೊಡೀತದೆ."

"ಇರ್ಲಿ ಬಿಡಜ್ಜಿ, ನಾನೂ ಕುರಿ ಕಾಯೋರ ಮನೇಲೇ ಹುಟ್ಟಿದೋಳು. ಹೋದ ತಿಂಗಳು ಡೇರೇಲಿ ಯಾರಿಗಾದ್ರೂ ವಾಸನೆ ಗೊತ್ತಾಗೋದು ನಿಂತ್ಹೋಗಿತ್ತಾ?"

"ನಂಗೇ ಹೋಗಿತ್ತಲ್ಲ. ರೊಟ್ಟಿ ಸೀದಿದ್ದೂ ಗೊತ್ತಾಗ್ಲಿಲ್ಲ, ಸೊಸೆ ಹತ್ರ ಬೈಸ್ಕೊಂಡೆ."

ಅಂಗಾಲು ಕೆಂಪಾಗಿ ಊದಿತ್ತು. ಅಂಗೈಯೂ ಹಾಗೇ. ನಾಲಿಗೆ ಕೆಂಪಗೆ ಗುಳ್ಳೆಗುಳ್ಳೆ. ಕಾನಿಮೆತ್ ನನ್ನ ಕಡೆ ತಿರುಗಿ ಹೇಳಿದರು: "ತುಟಿ ಗಾಳಿಗೆ ಒಡೀತು ಅಂತಾರೆ, ಕಣ್ಣು ಹೊಗೆಗೆ ಕೆಂಪಾಯ್ತು ಅಂತಾರೆ. ಒಪ್ಪೋಣ. ಬೂಟಿನೊಳಗೆ ಯಾವ ಗಾಳಿ ಹೋಗ್ತದೆ ಹೇಳೇ?"

ವೈರಸ್ ಬಿಟ್ಟುಹೋದ ಮೇಲೆ ಮಗುವಿನ ಮೈ ತನ್ನ ಮೇಲೆ ತಾನೇ ತಿರುಗಿಬೀಳುವ ಕಾಯಿಲೆ ಅದು. ರಕ್ತನಾಳ ಉರಿಯುತ್ತದೆ, ಹೃದಯ ಸೋಲುತ್ತದೆ. ಔಷಧಿ ಇದ್ದದ್ದು ಘಟ್ಟದಾಚೆ, ರಾಜಧಾನಿ ಬಿಷ್ಕೆಕ್‌ನಲ್ಲಿ. ಕಾನಿಮೆತ್ ಆಂಬುಲೆನ್ಸ್ ಕೇಳಿದರು.

"ಕೆಂಪು ಕೆನ್ನೆಗೆಲ್ಲ ಗಾಡಿ ಕೊಡೋಕಾಗ್ತದಾ ಅಕ್ಕಾ?" ಎಂದರು ಶರ್ಶೆನ್. "ಹಾಗಾದ್ರೆ ಜಿಲ್ಲೆಯ ಮಕ್ಕಳನ್ನೆಲ್ಲ ಲಾರಿಗೆ ತುಂಬ್ಬೇಕು."

ಜೊಲ್ದೋಶ್ ಅಣ್ಣ ತಮ್ಮ ಹಳೇ ಕಾರು ತಂದರು. ಗಂಡ ಹೆಂಡತಿ ಮಗುವನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಘಟ್ಟ ದಾಟಿದರು. ಬುರುಲ್ ಬದುಕಿದಳು. ಈಗ ಶಾಲೆಗೆ ಹೋಗುತ್ತಾಳೆ, ಅಜ್ಜಿಗೆ ಎದುರುತ್ತರ ಕೊಡುತ್ತಾಳೆ.

ಬಹುಮಾನ ಏನು ಸಿಕ್ಕಿತು ಗೊತ್ತೇ? ಅಪ್ಪಣೆ ಮೀರಿದ್ದಕ್ಕೆ ವಿಚಾರಣೆ. ಇದೇ ಹಾಲ್‌ನಲ್ಲಿ, ಇದೇ ಕುರ್ಚಿಗಳಲ್ಲಿ. ನಾನು ವಾರ್ಡು ಬಿಟ್ಟು ಬರುವಂತಿರಲಿಲ್ಲ. ಮುಗಿಸಿ ಬಂದ ಕಾನಿಮೆತ್ ಕೋಟು ಕಳಚುತ್ತ ಅಂದರು: "ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ ಅಂತ ಕೇಳಿದ್ರು ಕಣೇ. ಒಬ್ರೂ ಬಾಯಿ ಬಿಡ್ಲಿಲ್ಲ." ಮರುದಿನದಿಂದ ಅವರು ಕೆಳಗಿನ ಮಹಡಿಯಲ್ಲಿ ರಜೆ ಚೀಟಿ ಬರೆಯತೊಡಗಿದರು.

ಈ ವಸಂತದಲ್ಲಿ ಎರ್ಮೆಕ್ ಎಂಬ ಹುಡುಗ ಬಂದ. ಅವನ ತಾಯಿ ಹಿಂದಿನ ಸಾಲಿನಲ್ಲಿದ್ದಾರೆ — ತಾಯೀ, ಕ್ಷಮಿಸಿ, ಇದನ್ನು ಹೇಳಲೇಬೇಕು. ಅದೇ ಜ್ವರ, ಅದೇ ಹೊಟ್ಟೆನೋವು, ಅದೇ ಕೆಂಪು ತುಟಿ. ಶರ್ಶೆನ್ ಅವರೇ ನೋಡಿ, ವಾರ್ಡಿಗೂ ಕಳಿಸದೆ, ಹೊಟ್ಟೆಗೆ ಪುಡಿ ಕೊಟ್ಟು ಮನೆಗೆ ಕಳಿಸಿದರು. ಆ ಹುಡುಗನ ಅಂಗಾಲನ್ನು ಮೊದಲು ನೋಡಿದ್ದು ಅವನ ಹೆಣ ತೊಳೆದ ಹಿರಿಯರು. ಚರ್ಮ ಸುಲಿದಿತ್ತಂತೆ.

ಸುದ್ದಿ ಕೇಳಿ ಕಾನಿಮೆತ್ ಅಳಲಿಲ್ಲ. "ನಾನು ಕೆಳಗೇ ಇದ್ದೆ. ಒಂದು ಮಹಡಿ ಇಳಿದು ಯಾರೂ ಕರೀಲಿಲ್ಲ" ಅಂದರು. ಆಮೇಲೆ ಸಿಕ್ಕಾಗಲೆಲ್ಲ ಅದೇ ಮಾತು. ಹೃದಯ ನಿಂತು ಹೋದರು ಎಂದು ಪ್ರಮಾಣಪತ್ರದಲ್ಲಿದೆ. ನನಗೆ ಅದರ ಬಗ್ಗೆ ತಕರಾರಿಲ್ಲ, ಹೃದಯ ಯಾಕೆ ನಿಂತಿತೆಂದು ಮಾತ್ರ ಅದರಲ್ಲಿ ಬರೆದಿಲ್ಲ.

ತಾಯಂದಿರೇ, ಶೀತ ಬಂದುಹೋಗಿ ಕೆಲವು ವಾರಕ್ಕೆ ಮಗುವಿಗೆ ಜ್ವರ ಬಂದು ಇಳಿಯದಿದ್ದರೆ, ಕಾಲುಚೀಲ ಬಿಚ್ಚಿ. ಕೆಂಪಾಗಿದ್ದರೆ ಡಾಕ್ಟರ ಮೇಜಿನ ಮೇಲೇ ಆ ಕಾಲು ಇಟ್ಟು ತೋರಿಸಿ. ಕೆಂಪಿಲ್ಲ ಅಂತಲೂ ಸುಮ್ಮನಿರಬೇಡಿ, ಮೊದಲು ಶೀತ ಬಂದಿತ್ತೆಂದು ಹೇಳಿ. ಬೈದರೆ ಬೈಸಿಕೊಳ್ಳಿ, ನೋಡುವ ತನಕ ಏಳಬೇಡಿ.

ಇನ್ನು ನನ್ನ ಸಹೋದ್ಯೋಗಿಗಳೇ, ಶರ್ಶೆನ್ ಅವರೇ, ಕಾನಿಮೆತ್ ಅವರ ಆತ್ಮಕ್ಕೆ ಎಲ್ಲರೂ ದಯವಿಟ್ಟು ಎದ್ದು ನಿಲ್ಲೋಣ. ಅವತ್ತು ಈ ಹಾಲ್‌ನಲ್ಲಿ ಕೂತು ಮೌನವಾಗಿದ್ದಿರಿ. ಇವತ್ತು ನಿಂತು ಮೌನವಾಗಿರಿ.