ಹೊಸ ಎಂಜಿನ್, ಮೊದಲ ಹತ್ತು ಗಂಟೆ

ದೋಣಿ ರಿಪೇರಿ ಅಂಗಡಿಯಲ್ಲಿ ಎಣ್ಣೆ ಡಬ್ಬಿಗಾಗಿ ಕಾಯುತ್ತಿದ್ದ ಮುದಿ ಅಂಬಿಗನಿಗೆ ಕಿವಿ ಮಾತ್ರ ಇನ್ನೂ ಚುರುಕಾಗಿತ್ತು. ಅವನ ಮುಂದೆ ನಿಂತಿದ್ದವರು ಅರವತ್ತರ ಅಕ್ಕ, ಅವಳ ತಮ್ಮ. ತಮ್ಮ ಆ ಬೆಳಿಗ್ಗೆಯಷ್ಟೇ ಹೊಸ ಸ್ಪೋರ್ಟ್ ಬೋಟನ್ನು ನೀರಿಗಿಳಿಸಿ, ಅದರ ಕೈಪಿಡಿಯನ್ನು ಎದೆಗವಚಿಕೊಂಡು ಬಂದಿದ್ದ.

“ಮೊದಲ ಹತ್ತು ಗಂಟೆ ಜೋರಾಗಿ ಓಡಿಸೋ ಹಾಗಿಲ್ಲ ಅಕ್ಕ. ಒಳಗಿನ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳಬೇಕು.”

“ಹೌದಾ?”

“ಒಂದೇ ಸಮನೆ ದುಡಿಸಬಾರದು. ಸದ್ದು ಬದಲಾದ್ರೆ ನಿಲ್ಲಿಸಿ, ಏನಾಯ್ತು ಅಂತ ನೋಡಬೇಕು.”

“ನಿನ್ನ ಸೊಸೆ ಮನೆಗೆ ಬಂದಾಗ ಈ ಬುದ್ಧಿ ಎಲ್ಲಿ ಹೋಗಿತ್ತೋ?”

“ಅವಳ ಮಾತು ಈಗ್ಯಾಕೆ?”

“ಬಂದ ಮರುದಿನದಿಂದಲೇ ಗಾಣದೆತ್ತಿನ ಹಾಗೆ ದುಡಿಸಿದೆ. ಉಪ್ಪು ಕಮ್ಮಿ ಅಂತ ತಟ್ಟೆ ತಳ್ಳಿದೆ. ಒಂಬತ್ತನೇ ದಿನ ಅವಳು ತವರು ಸೇರಿದಳು.”

ಅಂಬಿಗ ಗೋಡೆಗೆ ತೂಗುಹಾಕಿದ್ದ ಹಗ್ಗಗಳನ್ನು ಎಣಿಸುವವನಂತೆ ನಿಂತ.

“ಅವಳ ಜೊತೆ ಕೈಪಿಡಿ ಬಂದಿರಲಿಲ್ವಲ್ಲಕ್ಕ.”

“ಬಾಯಿತ್ತಲ್ಲೋ. ಕೇಳಬಹುದಿತ್ತು.”

ತಮ್ಮ ಕೈಪಿಡಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ.

“ಅವಳ ತವರು ಆಚೆ ದಡದಲ್ಲೇ ಅಲ್ವಾ? ನಿಧಾನಕ್ಕೆ ಹೋದ್ರೂ ಎರಡೇ ಗಂಟೆ.”

“ಕರೆಯೋಕೆ ಹೋಗ್ತೀಯಾ?”

“ಹೋಗ್ತೀನಿ. ತಪ್ಪಾಯ್ತು ಅಂತ ನಾನೇ ಹೇಳ್ತೀನಿ.” ಆಮೇಲೆ ಮುಖ ಅರಳಿಸಿ ಸೇರಿಸಿದ: “ಹೋಗಿ ಬಂದ್ರೆ ಎಂಜಿನ್‌ಗೂ ಹತ್ತರಲ್ಲಿ ನಾಲ್ಕು ಗಂಟೆ ಆಗುತ್ತೆ.”

“ಆ ಕೊನೇ ಮಾತನ್ನ ಅವಳ ಮುಂದೆ ಮಾತ್ರ ಆಡಬೇಡ ಮಾರಾಯ,” ಎನ್ನುತ್ತ ಅಕ್ಕ ಅವನ ತೋಳು ಹಿಡಿದು ಜೆಟ್ಟಿಯ ಕಡೆ ನಡೆದಳು.