ಏಳನೆಯ ವಿಳಾಸದಲ್ಲಿ ಒಡೆದ ಸಾಲು

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ನಮ್ಮ ಲಿಫ್ಟ್ ಕೆಟ್ಟಿದ್ದರಿಂದ ಐದು ಮಹಡಿ ಹತ್ತಿ ಬಂದ ಮುಖ್ಯ ಅತಿಥಿಗಳೇ, ಇಪ್ಪತ್ಮೂರು ವರ್ಷ ನನ್ನನ್ನು ಸಹಿಸಿಕೊಂಡ ಸಹೋದ್ಯೋಗಿಗಳೇ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿರುವ ನಮ್ಮ ಅಕ್ಕನೇ, ಮತ್ತು ಸಭಿಕರೇ,

ಈಗಷ್ಟೇ ನನಗೆ ಕೊಟ್ಟ ಈ ಫಲಕವನ್ನು ದಯವಿಟ್ಟು ನೋಡಿ. ‘ನಿವೃತ್ತಿಯ ಶುಭ’ ಎಂದು ಮೊದಲ ಸಾಲು. ‘ಹಾರೈಕೆ’ ಎಂದು ಎರಡನೆಯದು. ‘ಗಳು’ ಮಾತ್ರ ಮೂರನೆಯ ಸಾಲಿನಲ್ಲಿ ಒಂಟಿಯಾಗಿ ನಿಂತಿದೆ. ಕೆತ್ತಿದವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿದೆ, ಆದರೆ ಫಲಕ ವಾಪಸ್ ಕೊಡುವುದಿಲ್ಲ.

ನನ್ನ ಕೆಲಸವೇನೆಂದು ನಮ್ಮ ಅತ್ತೆಯವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಇಂದಾದರೂ ಹೇಳಿಬಿಡುತ್ತೇನೆ. ‘ನಿಮ್ಮ ಲಿಫ್ಟ್ ಮಂಗಳವಾರ ಹತ್ತರಿಂದ ಹನ್ನೆರಡರವರೆಗೆ ನಿಂತಿರುತ್ತದೆ’ ಎಂದು ನಮ್ಮ ಲಿಫ್ಟ್ ಕಂಪನಿಯ ಗ್ರಾಹಕರಿಗೆ ಇಮೇಲ್ ಕಳಿಸುವುದು. ಇಷ್ಟೇನಾ ಎನ್ನುತ್ತೀರಿ. ಇಷ್ಟೇ! ಆದರೆ ಒಂದು ಮೇಲ್ ಪ್ರೋಗ್ರಾಮಿನಲ್ಲಿ ನೆಟ್ಟಗೆ ಕಾಣುವ ಸಾಲು ಇನ್ನೊಂದರಲ್ಲಿ ನಡುವೆಯೇ ಒಡೆಯುತ್ತದೆ, ಫೋನಿನಲ್ಲಿ ಮತ್ತೆಲ್ಲೋ ಒಡೆಯುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ನಾನೇನು ಸುಮ್ಮನೆ ಕೂತೆನೇ? ಸಾಲು ಅಲುಗದಿರಲೆಂದು ಕೋಷ್ಟಕದೊಳಗೆ ಕೋಷ್ಟಕ ಇಟ್ಟೆ. ಅಗಲ ಕಟ್ಟಿಹಾಕಿದೆ. ಪದಗಳ ನಡುವಿನ ಸಾದಾ ಖಾಲಿ ಜಾಗ ತೆಗೆದು ಬೇರ್ಪಡದ ಖಾಲಿ ಜಾಗ ಹಾಕಿದೆ. ಅದು ಎರಡು ಪದಗಳ ಕೈಹಿಡಿದು ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಒಮ್ಮೆ ಆವೇಶದಲ್ಲಿ ಇಡೀ ಪತ್ರಕ್ಕೆ ಅದನ್ನೇ ಹಾಕಿಬಿಟ್ಟೆ. ಪತ್ರವೆಲ್ಲ ಒಂದೇ ಸಾಲಾಯಿತು. ಗ್ರಾಹಕರೊಬ್ಬರು ಫೋನ್ ಮಾಡಿ, “ಬೆಳಗ್ಗೆಯಿಂದ ಬಲಕ್ಕೆ ಸರಿಸ್ತಾನೇ ಇದೀನಿ ಸ್ವಾಮಿ, ಲಿಫ್ಟ್ ಯಾವತ್ತು ನಿಲ್ಲತ್ತೆ?” ಎಂದರು. ಅಷ್ಟರಲ್ಲಿ ಅದು ನಿಂತಾಗಿತ್ತು. ಅವರು ಒಳಗೇ ಇದ್ದರು.

ಅಂದಿನಿಂದ ನಾನೊಂದು ನಿಯಮ ಮಾಡಿದೆ. ಯಾವ ಪತ್ರವೇ ಆಗಲಿ, ಮೊದಲು ‘ಪರೀಕ್ಷೆ’ ಎಂಬ ತಲೆಬರಹದಲ್ಲಿ ಏಳು ವಿಳಾಸಗಳಿಗೆ ಹೋಗಬೇಕು. ಏಳು ಕಡೆ ಏಳು ಬೇರೆ ಪ್ರೋಗ್ರಾಂ. ಅವರು ಪರದೆಯ ಫೋಟೋ ತೆಗೆದು ಕಳಿಸಬೇಕು. ಏಳೂ ಸರಿಯಿದ್ದರೆ ಮಾತ್ರ ಪತ್ರಕ್ಕೆ ಬಿಡುಗಡೆ. ಆರು ವಿಳಾಸಗಳು ಮುಂದಿನ ಕುರ್ಚಿಗಳಲ್ಲಿರುವ ಈ ಆರು ಮಂದಿಯವು. ಏಳನೆಯದು ಹೊರಗಿನದು, ತೀರಾ ಹಳೆಯ ಪ್ರೋಗ್ರಾಂ.

ಆರು ವರ್ಷದ ಹಿಂದೆ ನಮ್ಮ ತಾಯಿ ತೀರಿಕೊಂಡರು. ಇದು ಭಾಷಣದಲ್ಲಿ ಇರಲಿಲ್ಲ, ಬಂತು. ಬಂಧುಗಳಿಗೆ ತಿಳಿಸುವ ಹೊಣೆ ನನ್ನದು. ಸೋದರಮಾವನ ಬಳಿ ಇದ್ದಂಥದ್ದೇ ಫೋನಿನಲ್ಲಿ ಮೊದಲು ಪರೀಕ್ಷಿಸಿದರೆ ಅಮ್ಮನ ಹೆಸರು ಎರಡು ತುಂಡಾಗಿ ಕಾಣುತ್ತಿತ್ತು. ಅದನ್ನು ಸರಿಪಡಿಸುತ್ತ ಮೂರು ಗಂಟೆ ಕೂತೆ. ಅಮ್ಮನ ಹೆಸರನ್ನು ಹಾಗೆ ಕಳಿಸಲು ನನಗೆ ಮನಸ್ಸು ಬರಲಿಲ್ಲ, ಸಭಿಕರೇ. ಮಾವ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರು ಖಾಲಿ ಮಂಚದ ಮುಂದೆ ನಿಂತೇ ಇದ್ದರು. ಅಕ್ಕ ನನಗೆ ಹೇಳಿದ್ದು ಒಂದೇ ಮಾತು: “ಸುದ್ದಿ ಮುಟ್ಟಿಸೋ ಅಂದೆ. ಸಿಂಗಾರ ಮಾಡು ಅನ್ನಲಿಲ್ಲ.” ಆಮೇಲೆ ಅವಳು ನನ್ನೊಡನೆ ಮಾತು ಬಿಟ್ಟಳು.

ಅಕ್ಕನಿಗೆ ಫೋನ್ ಮಾಡಬಹುದಿತ್ತು. ಎಲ್ಲರೂ ಅದನ್ನೇ ಹೇಳುತ್ತಾರೆ. ನನಗೆ ಬರುವುದು ಇಮೇಲ್. ಮಧ್ಯಾಹ್ನದ ಬಿಡುವಿನಲ್ಲಿ ಬರೆದೆ: ‘ಅಕ್ಕ, ತಪ್ಪು ನನ್ನದೇ, ನೀನಿಲ್ಲದೆ ಮನೆ ಮನೆಯಾಗಿಲ್ಲ.’ ನಿಯಮದಂತೆ ಏಳು ಕಡೆ ಪರೀಕ್ಷೆಗೆ ಕಳಿಸಿದೆ. ನಗಬೇಡಿ. ಈ ಆರು ಮಂದಿ ಓದಿ, ಒಂದು ಮಾತೂ ಕೇಳದೆ, “ಸಾರ್, ಸರಿ ಇದೆ” ಎಂದು ಬರೆದರು. ಏಳನೆಯ ಫೋಟೋದಲ್ಲಿ ಸಾಲು ಒಡೆದಿತ್ತು. ತಿದ್ದಿದೆ, ಕಳಿಸಿದೆ. ಆರು ಸರಿ, ಏಳನೆಯದು ಒಡಕು. ಹೀಗೆ ಆರು ವರ್ಷದಲ್ಲಿ ನೂರ ನಲವತ್ಮೂರು ಸಲ! ಏಳೂ ಸರಿಯಾಗದೆ ಅಕ್ಕನಿಗೆ ಹೇಗೆ ಕಳಿಸಲಿ, ನೀವೇ ಹೇಳಿ?

ಮೊನ್ನೆ ನನ್ನ ಜಾಗಕ್ಕೆ ಬರುವ ಮೇಡಂ ಅವರಿಗೆ ಆ ಪಟ್ಟಿ ಒಪ್ಪಿಸುತ್ತಿದ್ದೆ. ಅವರು ಕೇಳಿದರು: “ಸಾರ್, ಈ ಏಳನೇದು ಯಾವುದೋ ಹಲ್ಲಿನ ಕ್ಲಿನಿಕ್ಕು. ತೆಗೆದುಬಿಡ್ಲಾ?”

ನಮ್ಮ ಅಕ್ಕ ಹಲ್ಲಿನ ಡಾಕ್ಟರು. “ನೋವಿಲ್ಲದ ಹಲ್ಲು ಕೀಳಬಾರದು” ಎಂದು ಇಂದಿಗೂ ಹಳೆಯ ಕಂಪ್ಯೂಟರನ್ನೇ ಇಟ್ಟುಕೊಂಡಿದ್ದಾಳೆ. ಅವಳ ವಿಳಾಸವನ್ನು ಹದಿನೈದು ವರ್ಷದ ಹಿಂದೆ ನಾನೇ ಬೇಡಿಕೊಂಡು ಸೇರಿಸಿದ್ದೆ. ಆಮೇಲೆ ಮರೆತಿದ್ದೆ. ಮರೆತಿದ್ದೆ ಎಂದೇ ಇಲ್ಲಿ ಬರೆದುಕೊಂಡು ಬಂದಿದ್ದೇನೆ, ಹಾಗೆಯೇ ಓದುತ್ತೇನೆ.

ಅಂದು ಆ ಫೋಟೋಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಮೊದಲ ಒಂಬತ್ತರಲ್ಲಿ ಸಾಲು ನಿಜವಾಗಿಯೂ ಒಡೆದಿತ್ತು. ಹತ್ತನೆಯದರಿಂದ ಏನಾಗಿತ್ತು ಗೊತ್ತೇ? ಪತ್ರ ತೆರೆದುಕೊಳ್ಳುವ ಚೌಕಟ್ಟಿನ ಬಲಗಡೆ, ಕ್ಲಿನಿಕ್ಕಿನ ಪರದೆಯ ಹಿನ್ನೆಲೆಗೆ ಹಾಕಿದ್ದ ದೊಡ್ಡ ದವಡೆಹಲ್ಲಿನ ಚಿತ್ರ ಇಣುಕುತ್ತಿತ್ತು. ಅಂದರೆ ಯಾರೋ ಚೌಕಟ್ಟನ್ನು ಬೇಕೆಂದೇ ಕಿರಿದು ಮಾಡಿದ್ದರು. ಪ್ರತಿ ಸಲವೂ, ಸಾಲು ಒಡೆಯುವಷ್ಟೇ. ಸಾಲು ಸರಿಯಾದರೆ ಇವನು ಬರೆಯುವುದನ್ನು ನಿಲ್ಲಿಸುತ್ತಾನೆ ಎಂದು ಅವರಿಗೆ ಗೊತ್ತಿತ್ತು.

ನಾನು ಕಚೇರಿಯಲ್ಲೇ ಅತ್ತುಬಿಟ್ಟೆ. ಈ ಆರು ಮಂದಿ ನೋಡಿದರು, ಎಂದಿನಂತೆ ಏನೂ ಕೇಳಲಿಲ್ಲ.

ನಿನ್ನೆ ಮೊದಲ ಬಾರಿ ಪರೀಕ್ಷೆ ಮಾಡದೆ ಒಂದು ಪತ್ರ ಕಳಿಸಿದೆ. ಕೋಷ್ಟಕವಿಲ್ಲ, ಏನಿಲ್ಲ. ‘ಅಕ್ಕ, ನಾಳೆ ಬೀಳ್ಕೊಡುಗೆ, ಬಾ.’ ಈ ಸಲ ಫೋಟೋ ಬರಲಿಲ್ಲ. ಆರು ವರ್ಷದ ಮೇಲೆ ಮಾತು ಬಂತು: “ಬರ್ತೀನಿ ಕಣೋ. ಪಟ್ಟಿಯಿಂದ ನನ್ನ ತೆಗೀಬೇಡ.”

ಇನ್ನೂ ನಾಲ್ಕು ಪುಟ ಬರೆದು ತಂದಿದ್ದೆ. ಅಕ್ಕ ಆಗಲೇ ಗಡಿಯಾರ ತೋರಿಸುತ್ತಿದ್ದಾಳೆ, ಕ್ಲಿನಿಕ್ಕಿಗೆ ಹೊತ್ತಾಯಿತು. ಆದ್ದರಿಂದ ಫಲಕ ಕೊಟ್ಟವರಿಗೆ, ಕೆತ್ತಿದವರಿಗೂ, ಬಾಯಿ ಬಿಡದ ಈ ಆರು ಮಂದಿಗೂ ನನ್ನ ವಂದನೆಗಳು. ಹೊಸ ಮೇಡಂ ಅವರಲ್ಲಿ ಒಂದೇ ಬೇಡಿಕೆ. ಏಳನೆಯ ವಿಳಾಸ ಹಾಗೆಯೇ ಇರಲಿ, ಎಂಟನೆಯದಾಗಿ ನನ್ನದನ್ನೂ ಸೇರಿಸಿ. ಎಲ್ಲರಿಗೂ ನಮಸ್ಕಾರ. ಅಕ್ಕ, ನಿಲ್ಲು, ನಾನೂ ಬಂದೆ.